ಸಿದ್ರಾಮನ ಕಿವಿ, ಅಭಿಜಿತನ ಹೆಸರು

ಕೊರೊನಾ ಇಳಿದು ಆಸ್ಪತ್ರೆಗಳು ಮಾಮೂಲಿ ಕೆಲಸಕ್ಕೆ ಮರಳಿದ ವರ್ಷ ನಾನು ಚಿಕ್ಕೋಡಿ ಭಾಗದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಬಂದು ಹೆಚ್ಚು ಕಾಲ ಆಗಿರಲಿಲ್ಲ. ಅದೇ ನನ್ನ ಕೊನೆಯ ಪೋಸ್ಟಿಂಗ್. ಆಡಿಯಾಲಜಿಸ್ಟ್ ಎಂದರೆ ಕಿವಿಯ ಡಾಕ್ಟರಲ್ಲ. ಕಿವಿ ಸೋರಿದರೆ, ನೋವಾದರೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಬೇಕು. ಆ ಕಿವಿಗೆ ಎಷ್ಟು ಕೇಳುತ್ತದೆ ಎಂದು ಅಳೆಯುವುದು ನನ್ನ ಕೆಲಸ. ನನ್ನ ಅಳತೆಯ ಮೇಲೆ ಡಾಕ್ಟರು ಸಹಿ ಮಾಡಿದರೆ ಅಂಗವಿಕಲತೆಯ ಪ್ರಮಾಣಪತ್ರ ಸಿಗುತ್ತದೆ. ಆಸ್ಪತ್ರೆಯ ಕೆಲಸದ ನಡುವೆ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ನಡೆಯುವ ತಪಾಸಣಾ ಶಿಬಿರಗಳಿಗೂ ನನ್ನನ್ನು ಕಳಿಸುತ್ತಿದ್ದರು.

ಆ ಪ್ರಮಾಣಪತ್ರಕ್ಕೆ ಯಾಕೆ ಅಷ್ಟು ಬೆಲೆ ಎಂಬುದನ್ನು ಮೊದಲು ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ನಿಗದಿತ ಮಟ್ಟದ ಅಂಗವಿಕಲತೆ ಇರುವ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತವಾಗಿ ಓದುವ ಹಕ್ಕಿದೆ. ಸರ್ಕಾರಿ ನೌಕರಿಯಲ್ಲಿ ಕನಿಷ್ಠ ಶೇಕಡಾ ನಾಲ್ಕರಷ್ಟು ಮೀಸಲಾತಿ ಇದೆ. ಸಿ ಮತ್ತು ಡಿ ದರ್ಜೆಯ ಹುದ್ದೆಗಳಿಗೆ ನಮ್ಮ ರಾಜ್ಯ ಅದನ್ನು ಶೇಕಡಾ ಐದಕ್ಕೆ ಏರಿಸಿದೆ. ಅದರಲ್ಲಿ ಕಿವುಡರಿಗೂ ಪಾಲಿದೆ. ಕಾಯ್ದೆಯ ಮೇಲೆ ನನ್ನದೇನೂ ದೂರಿಲ್ಲ, ಅದನ್ನು ಬರೆದವರು ಮನಸ್ಸಿಟ್ಟು ಬರೆದಿದ್ದಾರೆ. ನನಗೆ ಹೇಸಿಗೆ ಬಂದದ್ದು ಅದನ್ನು ಓದಿ ತಿಳಿದುಕೊಂಡವರು ಮಾಡಿದ ಕೆಲಸದ ಬಗ್ಗೆ. ಹಲವು ವರ್ಷ ಕಳೆದರೂ ಆ ಹೇಸಿಗೆ ಹೋಗಿಲ್ಲ.

ಅಭಿಜಿತ್ ಎಂಬ ಯುವಕ ತನ್ನ ತಂದೆಯ ಜೊತೆ ನನ್ನ ಕೋಣೆಗೆ ಬಂದ. ತಂದೆ ಬಾಳಾಸಾಹೇಬರು ಕಾಗವಾಡ ಕಡೆಯ ದೊಡ್ಡ ಹಿಡುವಳಿದಾರರು. ದ್ರಾಕ್ಷಿ ತೋಟ, ಕಬ್ಬು ಎಲ್ಲ ಇದ್ದವರು. ಕಿವುಡರ ಕೋಟಾದಲ್ಲಿ ಮಗ ದ್ವಿತೀಯ ದರ್ಜೆ ಸಹಾಯಕನಾಗಿ ಆಯ್ಕೆಯಾಗಿದ್ದ. ನೇಮಕದ ಆದೇಶ ಕೊಡುವ ಮೊದಲು ಇಲಾಖೆ ಮರುತಪಾಸಣೆಗೆಂದು ಕಳಿಸಿತ್ತು. ಹಳೆಯ ಪ್ರಮಾಣಪತ್ರ ನಾನು ಬರುವ ಮುಂಚಿನದು. ಆಗ ಕಿವಿ ಅಳೆದಿದ್ದ ತಂತ್ರಜ್ಞ ಕೆಲಸ ಬಿಟ್ಟು ಹೋಗಿದ್ದ. ಸಹಿ ಮಾಡಿದ್ದ ಡಾಕ್ಟರು ಮಾತ್ರ ನಮ್ಮಲ್ಲೇ ಇದ್ದರು.

ಕಿವಿ ಅಳೆಯುವ ಮಾಮೂಲಿ ಪರೀಕ್ಷೆಗೆ ಪ್ಯೂರ್ ಟೋನ್ ಆಡಿಯೊಮೆಟ್ರಿ ಎನ್ನುತ್ತಾರೆ. ಹೊರಗಿನ ಸದ್ದು ಬಾರದ ಸಣ್ಣ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕುತ್ತೇವೆ. ಕೆಂಪು ಬಣ್ಣದ್ದು ಬಲಗಿವಿಗೆ, ನೀಲಿಯದು ಎಡಗಿವಿಗೆ. ಯಂತ್ರದಿಂದ ಸದ್ದನ್ನು ಏರಿಸುತ್ತ ಇಳಿಸುತ್ತ ಹೋಗುತ್ತೇವೆ; ಕೇಳಿದಾಗಲೆಲ್ಲ ಬೆರಳೆತ್ತಬೇಕು. ಸದ್ದಿನ ಅಳತೆ ಡೆಸಿಬಲ್‌ನಲ್ಲಿ. ಎರಡೂ ಕಿವಿಗಳಲ್ಲಿ ಎಪ್ಪತ್ತು ಡೆಸಿಬಲ್‌ನಷ್ಟು ಕೇಳುವ ಶಕ್ತಿ ಹೋಗಿದ್ದರೆ ಕಾಯ್ದೆಯ ಲೆಕ್ಕದಲ್ಲಿ ಅವರು ಕಿವುಡರು. ಈ ಪರೀಕ್ಷೆಯ ದೌರ್ಬಲ್ಯ ಒಂದೇ: ಕೂತವರು ನಿಜ ಹೇಳಬೇಕು. ಕೇಳಿಯೂ ಬೆರಳೆತ್ತದಿದ್ದರೆ ಯಂತ್ರಕ್ಕೆ ಗೊತ್ತಾಗುವುದಿಲ್ಲ.

ಯಂತ್ರಕ್ಕೆ ಗೊತ್ತಾಗದಿದ್ದರೂ ನಮಗೆ ಗೊತ್ತಾಗುತ್ತದೆ. ನಿಜವಾದ ಕಿವುಡರನ್ನು ಎಷ್ಟು ಸಲ ಅಳೆದರೂ ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಅಭಿಜಿತನ ಅಂಕಿ ಒಂದು ಸಲ ಎಂಬತ್ತಕ್ಕೆ ಹೋಯಿತು, ಮುಂದಿನ ಸಲ ಐವತ್ತೈದಕ್ಕೆ ಬಂತು. ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡಿತು. ಕಿವಿ ಕೇಳದವರು ಎದುರಿನವರ ಮುಖ ಬಿಡುವುದಿಲ್ಲ. ತುಟಿ, ಹುಬ್ಬು, ಕೈ, ಏನು ಕಂಡರೆ ಅದರಿಂದ ಅರ್ಥ ಹಿಡಿಯುತ್ತಾರೆ. ಈ ಹುಡುಗ ನಾನು ಮಾತಾಡುವಾಗಲೆಲ್ಲ ನೆಲ ನೋಡುತ್ತಿದ್ದ.

ಹೆಸರು ಕೇಳಿದರೆ ಮೂಗಿನಿಂದ, ಗಂಟಲೊತ್ತಿ, ಅಕ್ಷರ ನುಂಗಿ ಹೇಳಿದ. ಆ ಧ್ವನಿ ಅಂಕಿಗಳಿಗಿಂತ ಚೆನ್ನಾಗಿ ಅಭ್ಯಾಸವಾಗಿತ್ತು.

"ಸಣ್ಣಾಂವ ಇದ್ದಾಗಿಂದ ಹಿಂಗ ಐತ್ರಿ ಮೇಡಂ," ಎಂದರು ಬಾಳಾಸಾಹೇಬರು. "ಡಾಕ್ಟರ್ ಸಾಹೇಬ್ರಿಗೆ ಎಲ್ಲಾ ಮಾಹಿತಿ ಐತಿ. ನೀವು ಹಳೇದನ್ನ ನೋಡಿ ಹಂಗ ಬರದ್ರ ಮುಗೀತು."

ನಾನು ಹಾಗೆ ಬರೆಯಲಿಲ್ಲ. ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಯಲ್ಲಿ ಬೆರಾ ಪರೀಕ್ಷೆ ಆಗಬೇಕೆಂದು ಬರೆದೆ. ಬೆರಾ ಎಂದರೆ ಹಣೆ ಮತ್ತು ಕಿವಿಯ ಹಿಂದೆ ತಂತಿ ಅಂಟಿಸಿ, ಕಿವಿಗೆ ಸದ್ದು ಕೊಟ್ಟು, ಅದಕ್ಕೆ ಮಿದುಳು ಕೊಡುವ ಉತ್ತರವನ್ನು ಕಂಪ್ಯೂಟರಿನಲ್ಲಿ ನೋಡುವುದು. ಅಲ್ಲಿ ಬೆರಳೆತ್ತುವ ಪ್ರಶ್ನೆಯೇ ಇಲ್ಲ. ಮಲಗಿ ನಿದ್ದೆ ಮಾಡಿದರೂ ಮಿದುಳು ಉತ್ತರ ಕೊಡುತ್ತದೆ. ಬಾಳಾಸಾಹೇಬರಿಗೆ ಇದು ಗೊತ್ತಿತ್ತು ಎಂದು ಅವರ ಮುಖ ನೋಡಿದಾಗಲೇ ಅರ್ಥವಾಯಿತು.

ಎರಡು ವಾರದ ಮೇಲೆ ಕಾಗವಾಡದಲ್ಲಿ ಶಿಬಿರವಿತ್ತು. ಶಾಲೆಯೊಂದರ ಕೋಣೆಯಲ್ಲಿ ನನ್ನ ಸಣ್ಣ ಯಂತ್ರ ಇಟ್ಟುಕೊಂಡು ಕೂತಿದ್ದೆ. ಉಗಾರ ಬುದ್ರುಕಿನಿಂದ ಮಾಯವ್ವ ಎಂಬ ಹೆಂಗಸು ತನ್ನ ತಮ್ಮನನ್ನು ಕರೆದುಕೊಂಡು ಬಂದಳು. ಕುರಿ ಸಾಕುವ ಮನೆಯವರು. ತಮ್ಮನ ಹೆಸರು ಸಿದ್ರಾಮ. ಮೂವತ್ತರ ಆಸುಪಾಸು, ಗಟ್ಟಿ ಆಳು, ಅಂಗೈ ತುಂಬ ಗುಳ್ಳೆಗಟ್ಟಿ ಒಣಗಿದ ಗುರುತು. ಹುಟ್ಟಿನಿಂದ ಕಿವುಡ. ಅಂಗವಿಕಲರ ಕಾರ್ಡ್ ಮಾಡಿಸಿದರೆ ಪಿಂಚಣಿ ಬರುತ್ತದೆ ಎಂದು ಪಂಚಾಯಿತಿಯವರು ಯಾರೋ ಹೇಳಿದ್ದರಂತೆ.

"ಇದಕ್ಕ ಮೊದಲ ಎಲ್ಲೆರ ತೋರ್ಸೀರೇನ?" ಎಂದು ಕೇಳಿದೆ.

"ಎಲ್ಲೂ ಇಲ್ರಿ ಅಕ್ಕಾರ. ಸಣ್ಣಾಂವ ಇದ್ದಾಗ ನಮ್ಮವ್ವ ದೇವರಿಗೆ ಹರಕಿ ಹೊತ್ತಿದ್ಲು, ಅಷ್ಟ. ಸಾಲಿಗೆ ಹಾಕಿದ್ವಿ. ಮಾಸ್ತರು ನಾಕ ದಿನ ಕುಂದ್ರಿಸಿಕೊಂಡು, ಕಿವುಡಗ ಏನ ಕಲಸೂದು ಅಂತ ಮನಿಗೆ ಕಳಿಸಿದ್ರು. ಆಮ್ಯಾಲ ಕುರಿ ಹಿಂದ ಹ್ವಾದ. ಈಗ ಸಾವ್ಕಾರ್ರ ತೋಟದಾಗ ಅದಾನ, ಅಲ್ಲೇ ತಗಡಿನ ಶೆಡ್ಡಿನ್ಯಾಗ ಮಲಗತಾನ."

ಅವನು ಶಾಲೆಯ ವಯಸ್ಸಿನಲ್ಲಿದ್ದಾಗಲೂ ಕಾಯ್ದೆ ಇತ್ತು. 1995ರ ಕಾಯ್ದೆಯೂ ಇಂಥ ಮಗುವಿಗೆ ಹದಿನೆಂಟು ತುಂಬುವ ತನಕ ಉಚಿತವಾಗಿ ಕಲಿಸಬೇಕೆಂದೇ ಹೇಳಿತ್ತು. ಮಾಸ್ತರಿಗೆ ಅದನ್ನು ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದು ಅವರಿಗೆ ಬೇಕಿರಲಿಲ್ಲ. ಹೀಗಾಗಿ ಸಿದ್ರಾಮನಿಗೆ ಓದು ಬರಹ ಇಲ್ಲ, ಕಿವುಡರ ಶಾಲೆಯಲ್ಲಿ ಕಲಿಸುವ ಸಂಜ್ಞಾಭಾಷೆಯೂ ಇಲ್ಲ. ಅವನೂ ಅಕ್ಕನೂ ಸೇರಿ ಮಾಡಿಕೊಂಡ ಕೈಸನ್ನೆಗಳಷ್ಟೇ ಅವನ ಭಾಷೆ.

ನಾನು ಮಾಯವ್ವನ ಜೊತೆ ಮಾತಾಡುತ್ತಿದ್ದಾಗ ಸಿದ್ರಾಮ ಮೇಜಿನ ಮೇಲಿದ್ದ ಹೆಡ್‌ಫೋನ್ ಎತ್ತಿಕೊಂಡ. ತಿರುಗಿಸಿ ಬಣ್ಣ ನೋಡಿದ. ಕೆಂಪನ್ನು ಬಲಗಿವಿಗೆ, ನೀಲಿಯನ್ನು ಎಡಗಿವಿಗೆ ಇಟ್ಟುಕೊಂಡ. ಕುರ್ಚಿಯನ್ನು ಓರೆಯಾಗಿಸಿ, ನನ್ನ ಕೈ ತನಗೆ ಕಾಣದ ಹಾಗೆ ಕೂತ. ಬಲಗೈಯನ್ನು ತೊಡೆಯ ಮೇಲಿಟ್ಟು ತೋರುಬೆರಳನ್ನು ಸಿದ್ಧಮಾಡಿಕೊಂಡ.

ಮೊದಲ ಸಲ ಬಂದವರು ಹೀಗೆ ಕೂರುವುದಿಲ್ಲ. ಹೆಡ್‌ಫೋನನ್ನು ತಲೆಕೆಳಗು ಮಾಡುತ್ತಾರೆ, ಯಂತ್ರದ ಕಡೆಗೇ ನೋಡುತ್ತಾರೆ, ಸನ್ನೆಯಲ್ಲಿ ಹೇಳಿಕೊಡುವುದಕ್ಕೇ ಅರ್ಧ ಹೊತ್ತು ಬೇಕು. ನಾನು ಏನೂ ಹೇಳದೆ ಪರೀಕ್ಷೆ ಮಾಡಿದೆ. ಅತಿ ಜೋರಾದ ತಗ್ಗಿನ ಸ್ವರಗಳಿಗೆ ಮಾತ್ರ ಬೆರಳೆದ್ದಿತು. ಮತ್ತೆ ಮಾಡಿದೆ, ಅದೇ ಅಂಕಿ. ತೊಂಬತ್ತಕ್ಕೂ ಮೇಲೆ. ಅಪ್ಪಟ ಕಿವುಡ, ಅಷ್ಟೇ ಅಪ್ಪಟ ಪ್ರಾಮಾಣಿಕ.

ಮುಗಿದ ಮೇಲೆ ಅಕ್ಕನನ್ನು ಕರೆಯಲು ಅವನು ಬಾಯಿ ತೆರೆದ. ಮೂಗಿನಿಂದ, ಗಂಟಲೊತ್ತಿ, ಅರ್ಧ ನುಂಗಿದ ಒಂದು ಸದ್ದು ಬಂತು. ಆ ಸದ್ದನ್ನು ನಾನು ಎರಡು ವಾರದ ಹಿಂದೆ ನನ್ನ ಕೋಣೆಯಲ್ಲಿ ಕೇಳಿದ್ದೆ. ನಕಲು ಎಷ್ಟು ಸರಿಯಾಗಿತ್ತು ಎಂಬುದು ಅಸಲನ್ನು ಕೇಳಿದಾಗ ತಿಳಿಯಿತು.

"ಯಾವ ಸಾವ್ಕಾರ್ರ ತೋಟದಾಗ ಅದಾನವಾ?"

"ಬಾಳಾಸಾಹೇಬರ ತೋಟದಾಗ್ರಿ."

"ಇಂಥಾದ್ದು ಕಿವಿಗೆ ಎಲ್ಲೆ ಹಾಕಿದ್ರು ಅಂತ ತಮ್ಮನ್ನ ಕೇಳು."

ಮಾಯವ್ವ ಕೈಯಾಡಿಸಿ ಕೇಳಿದಳು. ಸಿದ್ರಾಮನ ಮುಖ ಅರಳಿತು. ಮೀಸೆ ತಿರುವಿದ, ಅದು ದೊಡ್ಡ ಸಾವ್ಕಾರ. ಮಣಿಕಟ್ಟಿಗೆ ಗಡಿಯಾರ ಕಟ್ಟಿದಂತೆ ಮಾಡಿದ, ಅದು ಮಗ. ಕಾರಿನ ಸ್ಟಿಯರಿಂಗ್ ತಿರುಗಿಸಿದ. ಕಿವಿಗೆ ಎರಡೂ ಕೈ ಇಟ್ಟ, ಬೆರಳೆತ್ತಿ ತೋರಿಸಿದ. ಆಮೇಲೆ ಎದೆಯ ಮೇಲಿನ ಅಂಗಿಯನ್ನು ಸವರಿದ. ಕೊನೆಗೆ ತುಟಿಯ ಮೇಲೆ ಅಂಗೈ ಇಟ್ಟ.

ಮಾಯವ್ವನ ಧ್ವನಿ ಇಳಿದಿತ್ತು. "ಸಾವ್ಕಾರ್ರು ಕಾರಿನ್ಯಾಗ ದವಾಖಾನಿಗೆ ಕರಕೊಂಡು ಹೋಗಿದ್ರಂತ್ರಿ. ಸಣ್ಣ ಸಾವ್ಕಾರ್ರೂ ಇದ್ರಂತ. ಇಂವ ಬೆರಳ ಎತ್ತಿದ್ದಕ್ಕ ಹೊಸಾ ಅಂಗಿ ಕೊಡಿಸಿದ್ರಂತ. ಯಾರಿಗೂ ಹೇಳಬ್ಯಾಡ ಅಂದಿದ್ರಂತ." ತಮ್ಮನ ಕಡೆ ನೋಡಿ ಅಂದಳು: "ಹೌದ್ರಿ, ಅಂಗಿ ತಂದಿದ್ದ. ಹಬ್ಬ ಇರಲಿಲ್ಲ, ಏನಿರಲಿಲ್ಲ. ಯಾಕ ಅಂದ್ರ ನಗತಿದ್ದ."

ಅವನು ಆಗಲೂ ನಗುತ್ತಿದ್ದ. ಯಜಮಾನ ಹೇಳಿದ ಕೆಲಸವನ್ನು ತಾನು ಚೆನ್ನಾಗಿ ಮಾಡಿದ್ದೆ ಎಂಬ ಹೆಮ್ಮೆ. ನಾನು ಹೊರಗೆ ಹೋಗಿ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿ ಬಂದೆ. ಸುಳ್ಳು ಪ್ರಮಾಣಪತ್ರಗಳು ನನಗೆ ಹೊಸದಲ್ಲ. ಆದರೆ ಒಬ್ಬನ ಕಿವುಡುತನವನ್ನು ಅವನಿಂದಲೇ ತೆಗೆಸಿಕೊಂಡು, ಅದನ್ನು ತಮ್ಮ ಮಗನ ಹೆಸರಿಗೆ ಬರೆಸಿ, ಅವನ ಧ್ವನಿಯನ್ನೂ ಮಗನಿಗೆ ಅಭ್ಯಾಸ ಮಾಡಿಸಿ, ಆಮೇಲೆ ಅವನು ಯಾವ ಆಸ್ಪತ್ರೆಗೂ ಹೋಗದ ಹಾಗೆ ತೋಟದ ತಗಡಿನ ಶೆಡ್ಡಿನಲ್ಲಿ ಇಟ್ಟುಕೊಂಡದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಕಾರ್ಡ್ ಮಾಡಿಸೋಣವೆಂದು ಮಾಯವ್ವ ಎರಡು ಸಲ ಕೇಳಿದಾಗಲೂ ಬಾಳಾಸಾಹೇಬರು, ಅದರಿಂದ ಏನೂ ಉಪಯೋಗವಿಲ್ಲ ಎಂದಿದ್ದರಂತೆ. ಈ ಸಲ ಅವರಿಗೆ ಹೇಳದೆ ಬಂದಿದ್ದಳು.

ಮರುದಿನ ಸಹಿ ಮಾಡಿದ್ದ ಡಾಕ್ಟರ ಹತ್ತಿರ ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ಗಾಬರಿಯಾಗಲಿಲ್ಲ. ಚಹಾ ತರಿಸಿದರು.

"ಮೇಡಂ, ಅವನ ಕಿವಿ ಹೋಗಿದ್ದು ಹೋಗೇ ಐತಿ. ಅದನ್ನ ಯಾರೋ ಒಬ್ರು ಉಪಯೋಗ ಮಾಡಿಕೊಂಡ್ರ ಅವಗೇನು ಕಡಿಮಿ ಆತು? ಓದಿಲ್ಲ ಬರದಿಲ್ಲ. ಆ ನೌಕರಿ ಅವಗಂತೂ ಸಿಗತಿರಲಿಲ್ಲ."

"ಕೋಟಾದಾಗ ಇನ್ನೊಬ್ಬ ಕಿವುಡ ಓದಿ ಕುಂತಿರತಾನಲ್ರಿ ಸರ್."

"ಅವನ್ಯಾರು ನಿಮಗ ಗೊತ್ತದಾನೇನು?" ಎಂದು ಕೇಳಿ ಅವರು ಬಿಸ್ಕೀಟು ಚಹಾದಲ್ಲಿ ಅದ್ದಿದರು.

ಪ್ರಮಾಣಪತ್ರದ ಮೇಲಿನ ಫೋಟೋ ಅಭಿಜಿತನದು, ಕುರ್ಚಿಯಲ್ಲಿ ಕೂತವನು ಸಿದ್ರಾಮ. ಎರಡು ಮುಖಗಳನ್ನೂ ನೋಡಿ ಸಹಿ ಮಾಡಿದ ಮನುಷ್ಯ ನನ್ನೆದುರು ಕೂತು ಚಹಾ ಕುಡಿಯುತ್ತಿದ್ದ. ನಾನು ನನ್ನ ಕಪ್ಪನ್ನು ಮುಟ್ಟದೆ ಎದ್ದು ಬಂದೆ. ಅದೇ ದಿನ ಜಿಲ್ಲಾ ಅಧಿಕಾರಿಗಳಿಗೆ ವರದಿ ಕಳಿಸಿದೆ.

ಮೂರನೆಯ ದಿನ ಬಾಳಾಸಾಹೇಬರು ನನ್ನ ಬಾಡಿಗೆ ಮನೆಗೆ ಬಂದರು, ದ್ರಾಕ್ಷಿಯ ಪೆಟ್ಟಿಗೆ ಹೊರಿಸಿಕೊಂಡು. ಪೆಟ್ಟಿಗೆಯನ್ನು ಜಗುಲಿಯಿಂದ ಒಳಗೆ ಬಿಡಲಿಲ್ಲ. ಅವರು ಸಿಟ್ಟಾಗಲಿಲ್ಲ. ಅದೇ ನನಗೆ ಹೆಚ್ಚು ಅಸಹ್ಯವಾದದ್ದು.

"ಬಘಾ, ನೋಡ್ರಿ ಮೇಡಂ, ಸಿದ್ರಾಮ ನಮ್ಮ ಮನಿ ಮನಷ್ಯಾ ಇದ್ದಂಗ. ಊಟ ಹಾಕೇವಿ, ಬಟ್ಟಿ ಕೊಟ್ಟೇವಿ, ಮಲಗಾಕ ಜಾಗಾ ಕೊಟ್ಟೇವಿ. ಅವನ ಅಕ್ಕ ಕುರಿ ಮೇಸೂದು ನಮ್ಮ ಹೊಲದಾಗ, ಕಬ್ಬಿನ ವಾಡಿ ಒಯ್ಯೂದು ನಮ್ಮ ಹೊಲದಾಗ. ನಾಳೆ ನಾವು ಬ್ಯಾಡ ಅಂದ್ರ ಅವರ ಗತಿ ಏನು? ನೀವು ಎರಡು ವರ್ಷಕ್ಕ ನಿಮ್ಮೂರಿಗೆ ಹೋಗವ್ರು."

ಹೇಳಿದ್ದೆಲ್ಲ ನಿಜವಾಗಿತ್ತು. ಊರಿನಲ್ಲಿ ಕುರಿ ಹೊಡೆಯಲು ಮಾಯವ್ವನಿಗೆ ಬೇರೆ ಜಾಗವಿರಲಿಲ್ಲ. ಬೇಸಿಗೆಗೆ ಕಬ್ಬಿನ ವಾಡಿ, ಅಂದರೆ ಕಬ್ಬು ಕಡಿದ ಮೇಲೆ ಉಳಿಯುವ ತುದಿಯ ಹಸಿರು ಗರಿ, ಅದೇ ಅವಳ ಮೇವು. ನನ್ನ ವರದಿಗೆ ಬಲ ಬರಬೇಕಾದರೆ ಸಿದ್ರಾಮ ಅಧಿಕಾರಿಗಳ ಮುಂದೆ ಬಂದು ಹೇಳಬೇಕಿತ್ತು. ಹೇಳಿದರೆ ಕಳೆದುಕೊಳ್ಳುವವರು ಅವರು, ನಾನಲ್ಲ.

ಅದಕ್ಕೇ ಉಗಾರ ಬುದ್ರುಕಿಗೆ ಬಾಡಿಗೆ ಜೀಪು ಮಾಡಿಕೊಂಡು ನಾನೇ ಹೋದೆ. ಮಾಯವ್ವ ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿದಳು. ಸಿದ್ರಾಮನೂ ತೋಟದಿಂದ ಊಟಕ್ಕೆ ಬಂದಿದ್ದ. ನಾನು ಎರಡೂ ಬದಿ ಹೇಳಿದೆ: ಹೇಳಿದರೆ ಏನಾಗಬಹುದು, ಹೇಳದಿದ್ದರೆ ಏನಾಗುತ್ತದೆ. ಕಾರ್ಡ್ ಅವನಿಗೆ ಹೇಗೂ ಸಿಗುತ್ತದೆ, ಅದಕ್ಕೆ ಸಾಕ್ಷಿ ಹೇಳಬೇಕಾಗಿಲ್ಲ ಎಂದೂ ತಿಳಿಸಿದೆ.

"ಬ್ಯಾಡ್ರಿ ಅಕ್ಕಾರ," ಎಂದಳು ಮಾಯವ್ವ. "ನೀವು ಒಳ್ಳೇವ್ರು. ಆದ್ರ ನಾವು ಇಲ್ಲೇ ಬಾಳೆ ಮಾಡವ್ರು. ಅವರ ಹೊಲಾ ದಾಟದ ನಮ್ಮ ಕುರಿ ಹೊಳಿಗೆ ಹೋಗೂದಿಲ್ಲ."

"ಆತವಾ. ಆದ್ರ ಅವಗೊಂದು ಮಾತು ಕೇಳು. ಕಿವಿ ಅವಂದು."

ಅವಳು ತಮ್ಮನ ಕಡೆ ತಿರುಗಿ ಹೇಳತೊಡಗಿದಳು. ನೌಕರಿ, ಮೀಸಲಾತಿ ಇವಕ್ಕೆ ಅವರ ಬಳಿ ಸನ್ನೆಗಳಿರಲಿಲ್ಲ. ತಮ್ಮನ ಕಿವಿ ಮುಟ್ಟಿದಳು, ಅದನ್ನು ಹಿಡಿದು ತೆಗೆದಂತೆ ಮಾಡಿ ಗಡಿಯಾರದವನ ಕಿವಿಗೆ ಅಂಟಿಸಿದಳು. ಮೇಜು, ಫ್ಯಾನು, ಕುರ್ಚಿಯಲ್ಲಿ ಕೂತು ಬರೆಯುವುದನ್ನು ತೋರಿಸಿದಳು. ಸಿದ್ರಾಮ ಅರ್ಥವಾಗದೆ ನಕ್ಕ. ಅವಳು ಮತ್ತೆ ಹೇಳಿದಳು, ಕೊನೆಗೆ ಅಂಗಿ ಸವರಿದಳು. ಇಷ್ಟಕ್ಕೆ ಅಷ್ಟು, ಎಂಬಂತೆ ಎರಡು ಕೈಗಳನ್ನು ತಕ್ಕಡಿ ಮಾಡಿ ತೋರಿಸಿದಳು.

ಅವನ ನಗು ನಿಂತಿತು. ತನ್ನ ಕಿವಿಯನ್ನು ತಾನೇ ಮುಟ್ಟಿಕೊಂಡ. ಮಣಿಕಟ್ಟು ಹಿಡಿದು, ಬಾಯಿ ತೋರಿಸಿ, ಕೈ ಅಲ್ಲಾಡಿಸಿದ.

"ಏನಂತಾನ?" ಎಂದೆ.

"ಸಣ್ಣ ಸಾವ್ಕಾರ್ರು ಮಾತಾಡತಾರಲ್ಲ, ಅವರಿಗೆ ಕೇಳಸತೈತಲ್ಲ, ನನ್ನ ಕಿವಿ ಅವರಿಗೆ ಯಾಕ ಬೇಕಾತು ಅಂತಾನ್ರಿ."

ಸಿದ್ರಾಮ ಎದ್ದು ಒಳಗೆ ಹೋದ, ಮುಖ ತೊಳೆದು ಬಂದ, ಚಪ್ಪಲಿ ಮೆಟ್ಟಿ ನನ್ನ ಜೀಪಿನ ಪಕ್ಕ ನಿಂತ. ಊಟ ಹಾಗೇ ಇತ್ತು. ಮಾಯವ್ವ ಅವನನ್ನು ನೋಡುತ್ತ ಕೂತಳು. ಆಮೇಲೆ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಸೆರಗು ಸಿಕ್ಕಿಸಿ ತಾನೂ ಎದ್ದಳು. "ಅವನ ಮಾತು ಹೇಳಾಕ ನಾ ಬಿಟ್ಟರ ಯಾರದಾರ, ನಡೀರಿ."

ಬೆರಾ ಪರೀಕ್ಷೆಯ ದಿನ ನನ್ನನ್ನೂ ಕರೆಸಿದ್ದರು. ಸಿದ್ರಾಮನ ಹೇಳಿಕೆಯನ್ನು ಮಾಯವ್ವನ ಮೂಲಕ, ಕಿವುಡರ ಶಾಲೆಯ ಶಿಕ್ಷಕರೊಬ್ಬರ ಎದುರು ಆಗಲೇ ದಾಖಲು ಮಾಡಿಕೊಂಡಿದ್ದರು. ಪರೀಕ್ಷೆಯ ಕೋಣೆಯ ಹೊರಗೆ ಅಭಿಜಿತ್ ಒಬ್ಬನೇ ಬೆಂಚಿನ ಮೇಲೆ ಕೂತಿದ್ದ. ನಾನು ದಾಟಿ ಹೋಗುವಾಗ ಸ್ವಚ್ಛವಾದ ಧ್ವನಿಯಲ್ಲಿ ಕರೆದ.

"ಮೇಡಂ, ಇದು ಬ್ಯಾಡಾಗಿತ್ರಿ. ಪಪ್ಪಾ ಹೇಳಿದ್ರು, ನಾ ಹೂಂ ಅಂದೆ. ಬಿ.ಕಾಂ. ಮುಗಿಸಿ ಸುಮ್ನ ಕುಂತಿದ್ದೆ."

ಆ ಮಾತಿಗೆ ನನಗೆ ಅವನ ಮೇಲೆ ಸ್ವಲ್ಪ ಕನಿಕರ ಬಂದದ್ದು ನಿಜ. ಅದಕ್ಕೇ ಕೇಳಿದೆ: "ಸಿದ್ರಾಮಗ ಇದನ್ನ ಎಂದಾದ್ರೂ ತಿಳಿಸಿ ಹೇಳೀಯೇನಪಾ? ಕ್ಷಮಾ ಕೇಳೀಯೇನ?"

ಅವನು ನನ್ನನ್ನು ಆಶ್ಚರ್ಯದಿಂದ ನೋಡಿದ. "ಅವನ ಜೋಡಿ ಏನ್ ಮಾತಾಡೂದ್ರಿ ಮೇಡಂ? ಅವಗ ಕೇಳಸೂದಿಲ್ಲಲ್ಲ."

ಕನಿಕರ ಅಲ್ಲಿಗೇ ಹೋಯಿತು. ಸಿದ್ರಾಮನ ಧ್ವನಿ ಕಲಿಯುವಷ್ಟು ದಿನ ಅವನ ಹತ್ತಿರ ಕೂತವನು ಅವನ ಒಂದು ಸನ್ನೆಯನ್ನೂ ಕಲಿತಿರಲಿಲ್ಲ.

ಪರೀಕ್ಷೆಯಲ್ಲಿ ಎರಡೂ ಕಿವಿ ಪೂರ್ತಿ ಸರಿಯಾಗಿವೆ ಎಂದು ಬಂತು. ಅತಿ ಸಣ್ಣ ಸದ್ದಿಗೂ ಮಿದುಳು ಉತ್ತರ ಕೊಟ್ಟಿತ್ತು.

ಆಯ್ಕೆ ರದ್ದಾಯಿತು. ಅಂಗವಿಕಲರಿಗೆ ಮೀಸಲಾದ ಸವಲತ್ತನ್ನು ಮೋಸದಿಂದ ಪಡೆದರೆ ಎರಡು ವರ್ಷದ ತನಕ ಜೈಲು, ಅಥವಾ ಒಂದು ಲಕ್ಷದ ತನಕ ದಂಡ, ಅಥವಾ ಎರಡೂ ಎಂದು ಅದೇ ಕಾಯ್ದೆ ಹೇಳುತ್ತದೆ. ದೂರು ದಾಖಲಾಗಿದೆ, ನಾನು ಸಾಕ್ಷಿ ಹೇಳಿ ಬಂದಿದ್ದೇನೆ, ವಿಚಾರಣೆ ಈಗಲೂ ಮುಂದಕ್ಕೆ ಹೋಗುತ್ತಲೇ ಇದೆ. ಬಾಳಾಸಾಹೇಬರು ಊರಿನಲ್ಲಿ ಮೊದಲಿನಂತೆಯೇ ಇದ್ದಾರೆ. ಡಾಕ್ಟರಿಗೆ ವರ್ಗಾವಣೆಯಾಯಿತು. ಹೋದ ತಾಲ್ಲೂಕಿನಲ್ಲಿ ಡಿಸೆಂಬರಿನ ಅಂಗವಿಕಲರ ದಿನಾಚರಣೆಗೆ ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಆ ಫೋಟೋವನ್ನು ಯಾರೋ ನಮ್ಮ ಆಸ್ಪತ್ರೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು, ಕೆಳಗೆ ಸಾಲು ಸಾಲು ಅಭಿನಂದನೆಗಳು. ಆ ಗ್ರೂಪಿನಿಂದ ಹೊರಗೆ ಬಂದದ್ದೊಂದೇ ನಾನು ಮಾಡಲು ಸಾಧ್ಯವಿದ್ದದ್ದು.

ಬಾಳಾಸಾಹೇಬರು ಹೇಳಿದಂತೆಯೇ ಮಾಡಿದರು. ಸಿದ್ರಾಮನನ್ನು ತೋಟದಿಂದ ಹೊರಗೆ ಹಾಕಿದರು, ಮಾಯವ್ವನ ಕುರಿಗಳಿಗೆ ಹೊಲದ ದಾರಿ ಮುಚ್ಚಿದರು. ಅವಳು ಅರ್ಧ ಕುರಿ ಮಾರಿ ರಾಯಬಾಗ ಕಡೆ ಗಂಡನ ಅಣ್ಣನ ಊರಿಗೆ ಹೋದಳು. ಅದರ ಭಾರ ನನ್ನ ಮೇಲಿದೆ, ಇಲ್ಲ ಎನ್ನಲಾರೆ. ಆದರೆ ಸಿದ್ರಾಮನಿಗೆ ದ್ರಾಕ್ಷಿ ಬಳ್ಳಿಯ ಚಾಟಣಿ, ಅಂದರೆ ಹಂಗಾಮಿಗೆ ಮುಂಚೆ ಬಳ್ಳಿ ಸವರುವ ಕೆಲಸ, ಚೆನ್ನಾಗಿ ಬರುತ್ತಿತ್ತು. ಅಥಣಿ ಕಡೆಯ ಒಂದು ಗುಂಪಿನವರು ಅವನನ್ನು ಸೇರಿಸಿಕೊಂಡರು. ಈಗ ಊರೂರು ತಿರುಗಿ ಚಾಟಣಿ ಮಾಡುತ್ತಾನೆ. ಕೂಲಿ ಅವನ ಕೈಗೇ ಬರುತ್ತದೆ. ಪಿಂಚಣಿಯೂ ಬರುತ್ತಿದೆ. ಗುಂಪಿನವರು ಅವನ ಸನ್ನೆಗಳನ್ನು ಕಲಿತಿದ್ದಾರೆ. ಬಳ್ಳಿಯ ಆ ಸಾಲಿನಿಂದ ಈ ಸಾಲಿಗೆ ಕೂಗುವ ಬದಲು ಅವರವರೂ ಕೈಯಲ್ಲೇ ಮಾತಾಡಿಕೊಳ್ಳುತ್ತಾರಂತೆ. ಅಭಿಜಿತ್ ಕೂರಬೇಕಿದ್ದ ಕುರ್ಚಿಗೆ ಪಟ್ಟಿಯಲ್ಲಿದ್ದ ಮುಂದಿನವರು ಬಂದರು ಎಂದು ಕೇಳಿದ್ದೇನೆ. ಅವರ ಕಿವಿಯನ್ನು ಯಾರು ಅಳೆದರೋ ಗೊತ್ತಿಲ್ಲ.

ನಿವೃತ್ತಿಯಾದ ಮೇಲೂ ಶಿಬಿರಗಳಿಗೆ ಕರೆದರೆ ಹೋಗುತ್ತೇನೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯರು ಯಂತ್ರದ ಬಗ್ಗೆ ಕೇಳುತ್ತಾರೆ. ಯಂತ್ರವನ್ನು ನನಗಿಂತ ಅವರೇ ಚೆನ್ನಾಗಿ ಬಲ್ಲರು. ನಾನು ಹೇಳಿಕೊಡುವುದು ಬೇರೆ. ಜೊತೆಗೆ ಬಂದ ಅಪ್ಪ, ಅಣ್ಣ, ಯಜಮಾನರು ಮೊದಲೇ ಮಾತು ಶುರು ಮಾಡುತ್ತಾರೆ, ಇವನಿಗೆ ಏನೂ ತಿಳಿಯುವುದಿಲ್ಲ ನಾವೇ ಹೇಳುತ್ತೇವೆ ಎನ್ನುತ್ತಾರೆ. ಅವರನ್ನು ಹೊರಗೆ ಕೂರಿಸಿ. ಎದುರಿಗಿರುವವರ ಮುಖ ನೋಡಿ, ನಿಮ್ಮ ಮುಖ ಅವರಿಗೆ ಕಾಣುವ ಹಾಗೆ ಕೂತುಕೊಳ್ಳಿ. ಸನ್ನೆ ಬಾರದಿದ್ದರೆ ಬರುವವರನ್ನು ಹುಡುಕಿ, ಹೊತ್ತಾದರೆ ಆಗಲಿ. ಕಿವಿ ಕೇಳದವರನ್ನು ನಮ್ಮಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ. ಅವರನ್ನು ಕೇಳಿ.